ಮೊಬೈಲ್ ಇಲ್ಲದವಳ ಉತ್ತರ ಯಾವ ಲೆಕ್ಕದಲ್ಲಿ?

ಹಳ್ಳಿಯ ಉಪಕೇಂದ್ರದ ಒಂದು ಕೋಣೆ. ಮೇಜಿನ ಮೇಲೆ ಬಿಪಿ ಯಂತ್ರ, ಸಕ್ಕರೆ ಪರೀಕ್ಷೆಯ ಪಟ್ಟಿಗಳ ಡಬ್ಬಿ, ಪಕ್ಕದಲ್ಲೊಂದು ಟ್ಯಾಬ್. ಮಂಡಿನೋವು ಅಂತ ಬಂದ ಅರವತ್ತರ ಹೆಂಗಸನ್ನು ಸಮುದಾಯ ಆರೋಗ್ಯ ಅಧಿಕಾರಿ ಕುರ್ಚಿಯಲ್ಲಿ ಕೂರಿಸಿ ಬಿಪಿ ನೋಡುತ್ತಾರೆ. ಹೆಸರು, ವಯಸ್ಸು, ಎಷ್ಟು ದಿನದಿಂದ ನೋವು ಎಂಬುದನ್ನೆಲ್ಲ ಟ್ಯಾಬ್‌ನಲ್ಲಿ ತುಂಬುತ್ತಾರೆ. ನೆಟ್‌ವರ್ಕ್ ಸರಿಯಿದ್ದರೆ ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ವೈದ್ಯರ ಮುಖ ಮೂಡುತ್ತದೆ. ಅವರು ಎಲ್ಲೋ ತಾಲ್ಲೂಕು, ಜಿಲ್ಲಾ ಕೇಂದ್ರದಲ್ಲಿ ಕೂತವರು. ನಾಲ್ಕು ಮಾತು ಕೇಳುತ್ತಾರೆ, ಮಾತ್ರೆ ಬರೆಯುತ್ತಾರೆ. ಹೆಂಗಸು ಮಾತ್ರೆ ಕಟ್ಟಿಸಿಕೊಂಡು ಸೆರಗಿನಲ್ಲಿ ಗಂಟು ಹಾಕಿ ಮನೆಗೆ ಹೋಗುತ್ತಾಳೆ.

ಇದೇ ಇ-ಸಂಜೀವಿನಿ. ನಾಡಿನ ಉಪಕೇಂದ್ರಗಳಲ್ಲಿ ಈಗ ದಿನನಿತ್ಯ ನಡೆಯುವ ಕೆಲಸ ಇದು.

ಮರುವಾರ ಅದೇ ಹೆಂಗಸಿನ ಮನೆಗೆ ಸರ್ವೆಯವರು ಬಂದರು ಎಂದಿಟ್ಟುಕೊಳ್ಳಿ. ‘ಅಮ್ಮಾ, ನೀವು ಯಾವಾಗಲಾದರೂ ಟೆಲಿಮೆಡಿಸಿನ್ ಸೇವೆ ಪಡೆದಿದ್ದೀರಾ?’ ‘ಇಲ್ಲಪ್ಪ.’ ‘ಇಂಟರ್ನೆಟ್ ಬಳಸಿದ್ದೀರಾ?’ ‘ನಂಗೆಲ್ಲಿ ಬರ್ತದೆ ಅದೆಲ್ಲ.’ ‘ಡಿಜಿಟಲ್ ಆರೋಗ್ಯ ಸೇವೆಯ ಮೇಲೆ ನಿಮಗೆ ಎಷ್ಟು ನಂಬಿಕೆ?’ ಈ ಪ್ರಶ್ನೆಗೆ ಆಕೆ ಸೊಸೆಯ ಮುಖ ನೋಡುತ್ತಾಳೆ. ಸರ್ವೆಯವರು ‘ಗೊತ್ತಿಲ್ಲ’ ಎಂಬ ಕಡೆ ಗುರುತು ಹಾಕಿಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಅದರ ಬದಲು, ‘ಸಿಸ್ಟರ್ ಹತ್ರ ಹೋದಾಗ ಟ್ಯಾಬ್‌ನಲ್ಲಿ ಡಾಕ್ಟ್ರು ಮಾತಾಡಿದ್ರಾ?’ ಎಂದು ಕೇಳಿದ್ದರೆ? ‘ಹೂಂ, ಮಾತಾಡಿದ್ರು. ಮಾತ್ರೆ ಬರೆದ್ರು. ಆದ್ರೆ ಮಂಡಿ ಮುಟ್ಟಿ ನೋಡ್ಲಿಲ್ಲ.’ ಈ ಕೊನೆಯ ವಾಕ್ಯದಲ್ಲಿ ಡಿಜಿಟಲ್ ಚಿಕಿತ್ಸೆಯ ಬಗ್ಗೆ ಆಕೆಯ ಅಭಿಪ್ರಾಯ ಪೂರ್ತಿ ಇದೆ. ಅದನ್ನು ಹೇಳಿಸುವ ಪ್ರಶ್ನೆ ಮಾತ್ರ ಮೊದಲಿನ ಕಾಗದದಲ್ಲಿ ಇರಲಿಲ್ಲ.

ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ವೆಗಳು ನಮಗೆ ಬೇಕೇ ಬೇಕು. ಆಸ್ಪತ್ರೆಯ ದಾಖಲೆಯಲ್ಲಿ ಸಿಗುವುದು ಆಸ್ಪತ್ರೆಗೆ ಬಂದವರ ಕಥೆ ಮಾತ್ರ. ಬರದವರು ಯಾಕೆ ಬರಲಿಲ್ಲ ಎಂಬುದು ಮನೆಯ ಬಾಗಿಲಿಗೆ ಹೋಗಿ ಕೇಳದೆ ತಿಳಿಯುವುದಿಲ್ಲ. ಆರೋಗ್ಯ ಸೇವೆ ಮೊಬೈಲಿಗೆ, ಆ್ಯಪ್‌ಗೆ, ‘ಆಭಾ’ ಎಂಬ ಹದಿನಾಲ್ಕು ಅಂಕಿಯ ಆರೋಗ್ಯ ಗುರುತಿನ ಸಂಖ್ಯೆಗೆ ಸರಿಯುತ್ತಿರುವ ಈ ಹೊತ್ತಿನಲ್ಲಿ ಯಾರನ್ನು ಕೇಳುತ್ತೇವೆ, ಹೇಗೆ ಕೇಳುತ್ತೇವೆ, ಯಾರೆದುರಿಗೆ ಕೇಳುತ್ತೇವೆ ಎಂಬ ಪ್ರಶ್ನೆಗಳಿಗೆ ಹಿಂದೆಂದಿಗಿಂತ ತೂಕ ಬಂದಿದೆ. ಮೊಬೈಲ್ ಇದ್ದವರನ್ನು ಮೊಬೈಲ್ ಮೂಲಕವೇ ಕೇಳಿ, ‘ಜನ ಡಿಜಿಟಲ್ ಆರೋಗ್ಯವನ್ನು ಒಪ್ಪಿದ್ದಾರೆ’ ಎಂದು ಬರೆಯುವುದು ಬಹಳ ಸುಲಭ. ಹಾಗೆ ಬರೆದ ವರದಿಯನ್ನು ನಂಬಿ ಉಪಕೇಂದ್ರಕ್ಕೆ ವೈದ್ಯರನ್ನು ಕಳಿಸುವುದು ನಿಂತುಹೋದರೆ ಅದರ ಬೆಲೆ ತೆರುವವಳು ಆ ಮಂಡಿನೋವಿನ ಹೆಂಗಸು.

ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದದ್ದು 2019ರ ದ್ವಿತೀಯಾರ್ಧದಲ್ಲಿ, ಅಂದರೆ ಕೋವಿಡ್ ಬರುವ ಮೊದಲು. ರಾಜ್ಯದಲ್ಲಿ ‘ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇನೆ’ ಎಂದ ಮಹಿಳೆಯರು ಶೇ 35, ಪುರುಷರು ಶೇ 62.4. ದೇಶದ ಮಟ್ಟದಲ್ಲಿ ಮಹಿಳೆಯರು ಶೇ 33.3, ಪುರುಷರು ಶೇ 57.1. ದೇಶದ ಹಳ್ಳಿಗಳ ಮಹಿಳೆಯರನ್ನಷ್ಟೇ ತೆಗೆದುಕೊಂಡರೆ ನಾಲ್ವರಲ್ಲಿ ಒಬ್ಬಳು. ಇನ್ನೊಂದು ಲೆಕ್ಕ ಇ-ಸಂಜೀವಿನಿಯದು. 2019ರ ನವೆಂಬರಿನಲ್ಲಿ ಶುರುವಾದ ಈ ಸೇವೆ 2023ರ ಫೆಬ್ರುವರಿ ಹೊತ್ತಿಗೆ 10 ಕೋಟಿ ಸಮಾಲೋಚನೆ ದಾಟಿತು. ಅದನ್ನು ಪಡೆದವರಲ್ಲಿ ಶೇ 57ಕ್ಕೂ ಹೆಚ್ಚು ಮಹಿಳೆಯರು ಎಂದು ಕೇಂದ್ರ ಸರ್ಕಾರವೇ ಹೇಳಿತು.

ಇಂಟರ್ನೆಟ್ ಮುಟ್ಟದ ಹೆಣ್ಣುಮಕ್ಕಳೇ ಹೆಚ್ಚಿರುವ ದೇಶದಲ್ಲಿ ಇಂಟರ್ನೆಟ್ ಚಿಕಿತ್ಸೆ ಪಡೆದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು! ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಆ 10 ಕೋಟಿಯ ಬಹುಪಾಲು ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿ ತಮ್ಮದೇ ಟ್ಯಾಬ್ ಹಿಡಿದು ಮಾಡಿಸಿದ ಸಮಾಲೋಚನೆ. ಅಂದರೆ ನಮ್ಮಲ್ಲಿ ಡಿಜಿಟಲ್ ಆರೋಗ್ಯ ಜನರನ್ನು ಮುಟ್ಟಿದ್ದು ಜನರ ಕೈಯಲ್ಲಿದ್ದ ಮೊಬೈಲಿನಿಂದಲ್ಲ, ಊರಲ್ಲೇ ಕೂತ ಒಬ್ಬ ನರ್ಸಮ್ಮನಿಂದ. ಇದನ್ನು ಆ್ಯಪ್ ಒಳಗೆ ಬರುವ ನಕ್ಷತ್ರದ ರೇಟಿಂಗ್ ಎಂದೂ ಹೇಳಲಾರದು.

ರಾಮನಗರದಲ್ಲಿ ಕೇಳಿದ್ದು

ಜನರ ಬಾಯಿಂದ ಬಂದ ಉತ್ತರ, ಜನರ ನಡೆ ಎರಡೂ ಒಂದೇ ಅಲ್ಲ ಎಂಬ ಪಾಠವನ್ನು ಜಗತ್ತು ಕಲಿತ ಜಾಗಗಳಲ್ಲಿ ನಮ್ಮ ಹಳೇ ಮೈಸೂರು ಸೀಮೆಯೂ ಒಂದು. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ದೊಡ್ಡದೊಂದು ಜನಸಂಖ್ಯಾ ಅಧ್ಯಯನ ನಡೆಸಿದವು. ಬೆಂಗಳೂರು ನಗರ, ಸುತ್ತಲ ಹಳ್ಳಿಗಳು, ಬಯಲು, ಗುಡ್ಡಗಾಡು ಎಲ್ಲ ಕಡೆ ಮನೆಮನೆಗೆ ಹೋಗಿ ಹುಟ್ಟು, ಸಾವು, ಮದುವೆ, ಮಕ್ಕಳ ಬಗ್ಗೆ ಕೇಳಿದರು. ಜೊತೆಗೆ ಗಂಡ ಹೆಂಡಿರ ಮನೋಭಾವವನ್ನೂ ಕೇಳಿದರು: ಇನ್ನೂ ಮಕ್ಕಳು ಬೇಕೇ? ಬೇಡವೆಂದರೆ ತಡೆಯುವ ದಾರಿ ಗೊತ್ತೇ? ಕಲಿಯುವ ಆಸೆ ಇದೆಯೇ? 1961ರಲ್ಲಿ ಅದರ ವರದಿ ‘ದಿ ಮೈಸೂರ್ ಪಾಪ್ಯುಲೇಷನ್ ಸ್ಟಡಿ’ ಎಂಬ ಹೆಸರಲ್ಲಿ ಹೊರಬಂತು. ಮನೋಭಾವದ ಸಮೀಕ್ಷೆಗಳ ಚರಿತ್ರೆಯಲ್ಲಿ ಇಂದಿಗೂ ಅದರ ಹೆಸರು ಬರುತ್ತದೆ. ದಾರಿ ತಿಳಿದವರು ಕಡಿಮೆ, ಕಲಿಯುತ್ತೇವೆ ಎಂದವರು ಬಹಳ. ಅದನ್ನು ಓದಿದ ಯಾರಿಗಾದರೂ ಕಲಿಸಿದರೆ ಸಾಕು ಎಂದು ಅನಿಸುವುದು ಸಹಜ.

ಅದೇ ಹೊತ್ತಿಗೆ ಕಲಿಸುವ ಪ್ರಯೋಗವೂ ನಡೆಯಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಡಾ. ಅಬ್ರಹಾಂ ಸ್ಟೋನ್ ಅವರನ್ನು ಭಾರತಕ್ಕೆ ಕಳಿಸಿತು. ತಿಂಗಳ ಸುರಕ್ಷಿತ ದಿನಗಳನ್ನು ಎಣಿಸುವ ವಿಧಾನವನ್ನು ಎರಡು ಕಡೆ ಪ್ರಯೋಗಿಸಿದರು. ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಓದು ಬರಹ ಬಾರದ ಹೆಂಗಸರಿಗೆ ದಿನ ಎಣಿಸಲು ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದರೆ ಸುರಕ್ಷಿತ, ಇನ್ನೊಂದು ಬಂದರೆ ಅಲ್ಲ. ಮೊದಲು ಕೇಳಿದಾಗ ಬಹುತೇಕ ದಂಪತಿಗಳು ಕಲಿಯುತ್ತೇವೆ ಎಂದಿದ್ದರು. ಕೊನೆಯವರೆಗೆ ಅದನ್ನು ಪಾಲಿಸಿ ಫಲ ಕಂಡವರು ಬೆರಳೆಣಿಕೆಯಷ್ಟು.

ಪಂಜಾಬಿನ ಖನ್ನಾದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು 1950ರ ದಶಕದಲ್ಲಿ ನಡೆಸಿದ ಅಧ್ಯಯನದ ಕಥೆಯೂ ಇದೇ. ಗರ್ಭನಿರೋಧಕ ಮಾತ್ರೆಗಳನ್ನು ಮನೆಮನೆಗೆ ಕೊಟ್ಟರು, ಜನ ತೆಗೆದುಕೊಂಡರು, ಜನನ ಪ್ರಮಾಣ ಮಾತ್ರ ಇವರ ನಿರೀಕ್ಷೆಯಂತೆ ಇಳಿಯಲಿಲ್ಲ. ವರ್ಷಗಳ ಮೇಲೆ ಸಂಶೋಧಕ ಮಹಮೂದ್ ಮಮ್ದಾನಿ ಅದೇ ಸೀಮೆಯ ಮಾನುಪುರ ಎಂಬ ಹಳ್ಳಿಗೆ ಹೋಗಿ ಜನರ ಜೊತೆ ಕೂತು ಮಾತಾಡಿದರು. ಅಷ್ಟು ದೂರದಿಂದ ಬಂದ ಒಳ್ಳೆಯ ಜನ, ಪ್ರೀತಿಯಿಂದ ಕೊಡುತ್ತಾರೆ, ಬೇಡ ಅನ್ನುವುದು ಹೇಗೆ ಎಂಬ ದಾಕ್ಷಿಣ್ಯಕ್ಕೆ ಬಿದ್ದು ತೆಗೆದುಕೊಂಡಿದ್ದರಂತೆ. ಒಂದು ಮನೆಯಲ್ಲಿ ಆ ಮಾತ್ರೆಯ ಖಾಲಿಯಾಗದ ಡಬ್ಬಿಗಳನ್ನೇ ಜೋಡಿಸಿ ಶಿಲ್ಪದ ಹಾಗೆ ಇಟ್ಟಿದ್ದನ್ನು ಮಮ್ದಾನಿ 1972ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಕೃಷಿಯ ಮನೆಗೆ ಮಕ್ಕಳ ಕೈ ಬೇಕಿತ್ತು. ಅದನ್ನು ಯಾರೂ ಪ್ರಶ್ನೆಯಾಗಿ ಕೇಳಿರಲಿಲ್ಲ.

ದಾಕ್ಷಿಣ್ಯ ನಮ್ಮ ಹಳ್ಳಿಗಳಲ್ಲೂ ಕಡಿಮೆಯೇನಲ್ಲ. ಮನೆಗೆ ಬಂದವರಿಗೆ ನೀರು, ಬೆಲ್ಲ ಕೊಟ್ಟ ಮೇಲೆ ಅವರಿಗೆ ಬೇಕಾದ ಉತ್ತರವನ್ನೂ ಕೊಟ್ಟು ಕಳಿಸುವುದು ನಮ್ಮಲ್ಲಿ ಸೌಜನ್ಯದ ಭಾಗ. ‘ಆ್ಯಪ್ ಚೆನ್ನಾಗಿದೆಯಾ ಅಮ್ಮಾ?’ ‘ಚೆನ್ನಾಗೈತೆ ಬಿಡಿ ಸಾರ್.’ ಈ ‘ಬಿಡಿ’ಯ ಜೊತೆ ಆಕೆ ಬಿಟ್ಟದ್ದು ಏನೆಂದು ಕೇಳುವ ಕೋಷ್ಟಕ ಯಾವ ನಮೂನೆಯಲ್ಲೂ ಇಲ್ಲ.

ಇದನ್ನು ಸರಿಮಾಡುವ ಒಂದು ದಾರಿಯೂ ಕರ್ನಾಟಕದಲ್ಲೇ ತೆರೆಯಿತು. 1979ರ ಸುಮಾರಿಗೆ ಆಸ್ಟ್ರೇಲಿಯಾದ ಜನಸಂಖ್ಯಾ ವಿಜ್ಞಾನಿ ಜಾನ್ ಕಾಲ್ಡ್‌ವೆಲ್, ಅವರ ಪತ್ನಿ ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಪಾಪ್ಯುಲೇಷನ್ ಸೆಂಟರಿನ ಪಿ.ಎಚ್. ರೆಡ್ಡಿ ಬೆಂಗಳೂರಿನ ಪಶ್ಚಿಮಕ್ಕೆ ಸುಮಾರು 125 ಕಿಲೊಮೀಟರ್ ದೂರದ ಒಂದು ದೊಡ್ಡ ಹಳ್ಳಿ ಮತ್ತು ಸುತ್ತಲ ಸಣ್ಣ ಊರುಗಳನ್ನು ಆರಿಸಿಕೊಂಡರು. ಎಲ್ಲ ಸೇರಿ ಸುಮಾರು 5 ಸಾವಿರ ಜನ. ಅಚ್ಚುಹಾಕಿದ ಪ್ರಶ್ನಾವಳಿ ಹಿಡಿದು ಬಂದು, ತುಂಬಿಸಿಕೊಂಡು ಹೋಗುವುದನ್ನು ಅವರು ಮಾಡಲಿಲ್ಲ. ಊರಲ್ಲಿ ಉಳಿದರು, ಜಗುಲಿಯಲ್ಲಿ ಕೂತು ಮಾತಾಡಿದರು, ಮಾತಿನಿಂದ ಪ್ರಶ್ನೆ ಹುಟ್ಟಿಸಿಕೊಂಡರು, ಆಮೇಲೆ ಆ ಪ್ರಶ್ನೆಯನ್ನು ಮನೆಮನೆಗೆ ಒಯ್ದರು. ಮಗುವಿಗೆ ಕಾಯಿಲೆ ಬಂದರೆ ಯಾರು ಮೊದಲು ಗಮನಿಸುತ್ತಾರೆ, ಡಾಕ್ಟರ ಹತ್ತಿರ ಹೋಗಬೇಕೆಂದು ಯಾರು ತೀರ್ಮಾನಿಸುತ್ತಾರೆ, ಅತ್ತೆ ಒಪ್ಪದೆ ಸೊಸೆ ಮಗುವನ್ನು ಎತ್ತಿಕೊಂಡು ಹೊರಡಬಹುದೇ ಎಂಬಂಥ ಪ್ರಶ್ನೆಗಳು ಅಲ್ಲಿ ಮುಖ್ಯವಾದವು. ಓದಿದ ಸೊಸೆ ಬಂದ ಮನೆಯಲ್ಲಿ ಈ ಅಧಿಕಾರ ನಿಧಾನವಾಗಿ ಅತ್ತೆಯಿಂದ ಸೊಸೆಗೆ ಸರಿಯುತ್ತಿರುವುದನ್ನು ಅವರು ಕಂಡರು. ಅವರ ‘ದಿ ಕಾಸಸ್ ಆಫ್ ಡೆಮೊಗ್ರಾಫಿಕ್ ಚೇಂಜ್’ 1988ರಲ್ಲಿ ಬಂತು. ನನ್ನ ಮಟ್ಟಿಗೆ, ಡಿಜಿಟಲ್ ಆರೋಗ್ಯದ ಬಗ್ಗೆ ಸರ್ವೆ ಮಾಡಹೊರಟವರು ಮೊದಲು ತಿರುವಿ ನೋಡಬೇಕಾದ ಪುಸ್ತಕ ಅದು. ಇವತ್ತು ಅಧಿಕಾರದ ಜಾಗದಲ್ಲಿ ಮೊಬೈಲನ್ನು ಇಟ್ಟು ಕೇಳಬೇಕು, ಅಷ್ಟೇ ವ್ಯತ್ಯಾಸ. ಫೋನ್ ಯಾರ ಜೇಬಿನಲ್ಲಿದೆ? ಒಟಿಪಿ ಯಾರಿಗೆ ಬರುತ್ತದೆ? ಅವರು ಹೊಲಕ್ಕೆ ಹೋದಾಗ ಇವಳಿಗೆ ಜ್ವರ ಬಂದರೆ?

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಹೆಚ್ಚು ಆಯಸ್ಸಿನ ಕೇರಳದಲ್ಲಿ ‘ನನಗೆ ಕಾಯಿಲೆ ಇದೆ’ ಎನ್ನುವವರು ಹೆಚ್ಚು, ಬಿಹಾರದಲ್ಲಿ ಕಡಿಮೆ. ಅಮರ್ತ್ಯ ಸೆನ್ 2002ರಲ್ಲಿ ಬರೆದ ಪುಟ್ಟ ಲೇಖನದಲ್ಲಿ ಇದನ್ನು ಎತ್ತಿ ತೋರಿಸಿದರು. ಆಸ್ಪತ್ರೆ ಹತ್ತಿರವಿದ್ದು, ಓದು ಇದ್ದವರಿಗೆ ತಮ್ಮ ಕಾಯಿಲೆ ಕಾಯಿಲೆಯೆಂದು ಗೊತ್ತಾಗುತ್ತದೆ. ಇಲ್ಲದವರು ನೋವನ್ನು ಬದುಕಿನ ಪಾಲೆಂದು ಸಹಿಸುತ್ತಾರೆ. ಹಾಗಾಗಿ ಒಂದು ತಾಲ್ಲೂಕಿನಲ್ಲಿ ದೂರು ಕಡಿಮೆ ಬಂತೆಂದರೆ ಅಲ್ಲಿ ಸೇವೆ ಚೆನ್ನಾಗಿದೆ ಎಂದು ಬರೆದುಕೊಳ್ಳಬಾರದು.

ಎರಡೂವರೆ ಲಕ್ಷಕ್ಕಿಂತ ಒಂದು ಸಾವಿರ ಮೇಲು

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎಂಬ ಮಾತು ಸ್ಯಾಂಪಲ್ ಸರ್ವೆಗೂ ಹೊಂದುತ್ತದೆ, ಒಂದು ಶರತ್ತಿನ ಮೇಲೆ. ಪಾತ್ರೆಯ ಎಲ್ಲ ಅಗುಳಿಗೂ ಸೌಟಿಗೆ ಸಿಗುವ ಅವಕಾಶ ಸಮನಾಗಿರಬೇಕು. ಮೇಲಿನದನ್ನೇ ತೆಗೆದು ನೋಡಿದರೆ ಒಂದು ಸೇರು ನೋಡಿದರೂ ತಳ ಹತ್ತಿದ್ದು ಗೊತ್ತಾಗದು.

ಅಮೆರಿಕದಲ್ಲಿ ಕೋವಿಡ್ ಕಾಲದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಫೇಸ್‌ಬುಕ್ ಜೊತೆ ಸೇರಿ ವಾರಕ್ಕೆ ಸುಮಾರು ಎರಡೂವರೆ ಲಕ್ಷ ಜನರಿಂದ ಉತ್ತರ ಪಡೆಯುತ್ತಿದ್ದರು. ಲಸಿಕೆ ಹಾಕಿಸಿಕೊಂಡಿರಾ, ಹಾಕಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಗಳು. ಇನ್ನೊಂದು ಕಡೆ ಆ್ಯಕ್ಸಿಯೋಸ್–ಇಪ್ಸೋಸ್ ಎಂಬ ಸಮೀಕ್ಷೆ ಸುಮಾರು ಒಂದು ಸಾವಿರ ಜನರನ್ನು ಮಾತ್ರ ಕೇಳುತ್ತಿತ್ತು. ಲಸಿಕೆ ಪಡೆದವರ ನಿಜವಾದ ಲೆಕ್ಕ ಸರ್ಕಾರದ ಬಳಿ ಇದ್ದುದರಿಂದ ಯಾರು ಸರಿ ಎಂದು ತಾಳೆ ನೋಡುವ ಅಪರೂಪದ ಅವಕಾಶ ಸಿಕ್ಕಿತು. 2021ರ ಮೇ ಹೊತ್ತಿಗೆ ಫೇಸ್‌ಬುಕ್ ಸಮೀಕ್ಷೆ ನಿಜಕ್ಕಿಂತ 17 ಶೇಕಡಾವಾರು ಅಂಶ ಹೆಚ್ಚು ತೋರಿಸುತ್ತಿತ್ತು. ಅಲ್ಲಿನ ಜನಗಣತಿ ಇಲಾಖೆಯ ದೊಡ್ಡ ಆನ್‌ಲೈನ್ ಸಮೀಕ್ಷೆ 14 ಅಂಶ ಹೆಚ್ಚು ತೋರಿಸುತ್ತಿತ್ತು. ಸಾವಿರ ಜನರ ಸಣ್ಣ ಸಮೀಕ್ಷೆ ಮಾತ್ರ ಸತ್ಯದ ಹತ್ತಿರವಿತ್ತು. ಅದು ಮೊದಲು ವಿಳಾಸಗಳಿಂದ ಜನರನ್ನು ಆರಿಸಿ, ಇಂಟರ್ನೆಟ್ ಇಲ್ಲದವರಿಗೆ ಅದನ್ನೂ ಕೊಟ್ಟು ಕೇಳುತ್ತಿತ್ತು. ವ್ಯಾಲೆರಿ ಬ್ರಾಡ್ಲಿ, ಷಾವೊ-ಲಿ ಮೆಂಗ್, ಸೆತ್ ಫ್ಲ್ಯಾಕ್ಸ್‌ಮನ್ ಮತ್ತಿತರರು 2021ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಸಂಖ್ಯೆ ದೊಡ್ಡದಾದಷ್ಟೂ ತಪ್ಪು ಉತ್ತರದ ಮೇಲೆ ನಮ್ಮ ಭರವಸೆ ದೊಡ್ಡದಾಗುತ್ತದೆ ಎಂಬುದು ಅವರ ಎಚ್ಚರಿಕೆ. ಕ್ಲಿಕ್ಕಿಸಿ ಉತ್ತರಿಸುವವರು ಯಾರು? ಪುರುಸೊತ್ತು, ಓದು, ಒಳ್ಳೆಯ ಫೋನು ಮತ್ತು ಆ ವಿಷಯದಲ್ಲಿ ಆಗಲೇ ಆಸಕ್ತಿ ಇದ್ದವರು.

ನಮ್ಮ ರಾಜ್ಯದ ಅನುಭವ ಬೇರೆ ರೀತಿಯದು, ಕಡಿಮೆ ಮುಖ್ಯವಲ್ಲ. 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ಕರ್ನಾಟಕ ಸರ್ಕಾರ ಕೋವಿಡ್ ಸೋಂಕಿನ ರಾಜ್ಯವ್ಯಾಪಿ ಸಮೀಕ್ಷೆ ನಡೆಸಿತು. ಗರ್ಭಿಣಿಯರು, ಹೊರರೋಗಿಗಳ ಜೊತೆ ಬಂದವರು, ಬಸ್ ಕಂಡಕ್ಟರುಗಳು, ತರಕಾರಿ ಮಾರುವವರು, ಹಿರಿಯರು, ಬೇರೆ ಕಾಯಿಲೆ ಇದ್ದವರು ಹೀಗೆ ಗುಂಪು ಮಾಡಿ 16 ಸಾವಿರಕ್ಕೂ ಹೆಚ್ಚು ಜನರ ರಕ್ತ ಮತ್ತು ಗಂಟಲ ದ್ರವ ಪರೀಕ್ಷಿಸಿದರು. ಶೇ 27.3 ಜನರಿಗೆ ಸೋಂಕು ತಗುಲಿತ್ತು ಅಥವಾ ತಗುಲಿ ಹೋಗಿತ್ತು. ಅಂದರೆ ಸುಮಾರು 1.93 ಕೋಟಿ ಜನ. ಪತ್ತೆಯಾದ ಒಂದು ಪ್ರಕರಣದ ಹಿಂದೆ ಸುಮಾರು 40 ಸೋಂಕುಗಳಿವೆ ಎಂದು ಆಗ ತಿಳಿಯಿತು. ಆದರೆ ಅದಕ್ಕೆ ಕೆಲವೇ ವಾರ ಮೊದಲು, ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ, ಸಂಶೋಧಕರಾದ ಮನೋಜ್ ಮೋಹನನ್, ಅನುಪ್ ಮಲಾನಿ ಮತ್ತು ಸಂಗಡಿಗರು ಕುಟುಂಬಗಳನ್ನು ಆರಿಸಿ ಇದೇ ರಾಜ್ಯದಲ್ಲಿ ನಡೆಸಿದ ಸಮೀಕ್ಷೆಯ ಅಂದಾಜು ಹಳ್ಳಿಗಳಲ್ಲಿ ಶೇ 44.1, ನಗರಗಳಲ್ಲಿ ಶೇ 53.8 ಎಂದಿತ್ತು. ಆರಿಸಿದ ಜನ ಬೇರೆ, ಬಳಸಿದ ಪರೀಕ್ಷೆ ಬೇರೆ, ಉತ್ತರವೂ ಬೇರೆ. ರಕ್ತದಂಥ ರಕ್ತದ ವಿಷಯದಲ್ಲೇ ಇಷ್ಟು ಅಂತರ ಬರುವುದಾದರೆ ನಂಬಿಕೆ, ಭಯ, ಒಪ್ಪಿಗೆಯಂಥ ಮನಸ್ಸಿನ ವಿಷಯ ಅಳೆಯುವಾಗ ಇನ್ನೆಷ್ಟು ಜೋಪಾನ ಬೇಕು. ಹಾಗೆಂದು ಎರಡನ್ನೂ ಬಿಸಾಡುವಂತಿಲ್ಲ. ಸೋಂಕು ಸರ್ಕಾರಿ ಬುಲೆಟಿನ್ ಹೇಳುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹರಡಿದೆ ಎಂಬ ದೊಡ್ಡ ಸತ್ಯವನ್ನು ಎರಡೂ ಹೇಳಿದವು.

ಕುಟುಂಬ ಆರೋಗ್ಯ ಸಮೀಕ್ಷೆಯ ತಂಡಗಳು ಪಡುವ ಪಾಡನ್ನು ತಿಳಿದರೆ ಒಳ್ಳೆಯ ಸರ್ವೆ ಯಾಕೆ ದುಬಾರಿ ಎಂಬುದು ಅರ್ಥವಾಗುತ್ತದೆ. ಮೊದಲೊಂದು ತಂಡ ಬಂದು ಆಯ್ಕೆಯಾದ ಊರಿನ ನಕ್ಷೆ ಬರೆಯುತ್ತದೆ. ದೇವಸ್ಥಾನ, ಬಾವಿ, ಕೇರಿ, ಊರಾಚೆಯ ತೋಟದ ಮನೆ, ಎಲ್ಲವೂ ಅದರಲ್ಲಿ ಬರಬೇಕು. ಪ್ರತಿ ಮನೆಗೂ ನಂಬರು. ಆ ಪಟ್ಟಿಯಿಂದ ಸಮ ಅಂತರದಲ್ಲಿ 22 ಮನೆಗಳನ್ನು ಆರಿಸುತ್ತಾರೆ. ಆರಿಸಿದ ಮನೆಗೆ ಬೀಗ ಬಿದ್ದಿದ್ದರೆ ಪಕ್ಕದ ಮನೆಯವರು ‘ನಮ್ಮನ್ನೇ ಕೇಳಿ’ ಎಂದು ಕಾಫಿ ಕೊಟ್ಟು ಕರೆದರೂ ಬರೆದುಕೊಳ್ಳುವಂತಿಲ್ಲ. ಮತ್ತೆ ಮತ್ತೆ ಅದೇ ಬಾಗಿಲಿಗೆ ಬರಬೇಕು. ಕೂಲಿಗೆ ಹೋದವರು ಸಂಜೆ ಸಿಗುತ್ತಾರೆ, ಗುಳೆ ಹೋದವರು ಸಿಗುವುದೇ ಇಲ್ಲ. ಸುಲಭವಾಗಿ ಸಿಗುವವರನ್ನು ಮಾತ್ರ ಕೇಳುವ ಆಸೆಯನ್ನು ತಡೆಯಲು ಈ ನಿಯಮ. ಹೆಂಗಸರನ್ನು ಹೆಂಗಸರೇ ಸಂದರ್ಶಿಸುತ್ತಾರೆ. ಕೌಟುಂಬಿಕ ಹಿಂಸೆಯ ಪ್ರಶ್ನೆಗಳಿಗೆ ಬಂದಾಗ ಮನೆಗೆ ಒಬ್ಬರನ್ನೇ ಕೇಳಬೇಕು, ಅದೂ ಏಕಾಂತ ಸಿಕ್ಕರೆ ಮಾತ್ರ. ಯಾರಾದರೂ ಒಳಗೆ ಬಂದರೆ ಆ ಭಾಗ ಅಲ್ಲಿಗೇ ನಿಲ್ಲಬೇಕು. ಹೀಗೆ ದೇಶದಾದ್ಯಂತ 6 ಲಕ್ಷಕ್ಕೂ ಹೆಚ್ಚು ಮನೆಗಳ, 7 ಲಕ್ಷಕ್ಕೂ ಹೆಚ್ಚು ಮಹಿಳೆಯರ ಉತ್ತರ ಕೂಡಿಸಿದ್ದರಿಂದಲೇ ನಮಗೆ ಆ ಶೇ 35 ಎಂಬ ಅಂಕಿ ಗೊತ್ತಾದದ್ದು. ಆನ್‌ಲೈನ್ ಫಾರಂ ಎಷ್ಟೇ ಕೋಟಿ ಜನರಿಗೆ ಕಳಿಸಿದ್ದರೂ ಇಂಟರ್ನೆಟ್ ಬಳಸದ ಒಬ್ಬಳೂ ಅದರಲ್ಲಿ ಸಿಗುತ್ತಿರಲಿಲ್ಲ.

ಈ ಏಕಾಂತದ ನಿಯಮ ಡಿಜಿಟಲ್ ಆರೋಗ್ಯದ ಪ್ರಶ್ನೆಗಳಿಗೂ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮನೆಗೊಂದೇ ಫೋನು, ಅದು ಗಂಡನದೋ ಮಗನದೋ. ಆತ ಪಕ್ಕದಲ್ಲಿ ನಿಂತಿರುವಾಗ ‘ನಿಮ್ಮ ಆರೋಗ್ಯದ ವಿವರ ಫೋನಿನಲ್ಲಿ ಇರುವುದು ಒಪ್ಪಿಗೆಯೇ?’ ಎಂದು ಕೇಳಿದರೆ ಆಕೆ ಏನು ಹೇಳಿಯಾಳು? ಬಿಳಿಸೆರಗಿನ ತೊಂದರೆ, ಗರ್ಭಪಾತ, ಕ್ಷಯ, ಖಿನ್ನತೆ, ಇವು ಮನೆಯವರ ಕಣ್ಣಿಗೆ ಬೀಳುವ ಎಸ್‌ಎಂಎಸ್ ಆಗಿ ಬಂದರೆ ಏನಾಗುತ್ತದೆಂದು ಆಕೆಗೆ ಗೊತ್ತು, ಆ್ಯಪ್ ಮಾಡಿದವರಿಗೆ ಗೊತ್ತಿಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಮೊದಲ ಪೂರ್ವಪರೀಕ್ಷೆ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಸಮೀಕ್ಷೆ ನಡೆದ ಕಡೆ ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆ ಯಾವುದು ಎಂಬುದರ ಮೇಲೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗಿದ್ದರು. ಈ ಕಂದರ ತುಂಬಲೆಂದು 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿ ಬಂತು, ನಿಮ್ಹಾನ್ಸ್ ಅದರ ಮೇಲ್ವಿಚಾರಣೆಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯ ಕೆಲಸ. ಕರೆ ಮಾಡಲು ಆಕೆಗೆ ಫೋನೂ ಬೇಕು, ಮಾತಾಡಲು ಒಂದು ಮರೆಯೂ ಬೇಕು. ಆ ಮರೆ ಎಷ್ಟು ಹೆಂಗಸರಿಗಿದೆ ಎಂಬುದನ್ನು ಕೇಳುವ ಸರ್ವೆಯಾಗಬೇಕು.

ನಂಬಿಕೆಯಿಲ್ಲದೆ ಬಾಗಿಲು ತೆರೆಯದು

ಪ್ರಶ್ನೆ ಎಷ್ಟೇ ಚೆನ್ನಾಗಿರಲಿ, ಕೇಳುವವರ ಮೇಲೆ ನಂಬಿಕೆ ಇರಬೇಕು. ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಒಂದೂವರೆ ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ಯಾರಿಗೆ ವಯಸ್ಸಾಗಿದೆ, ಯಾರಿಗೆ ಸಕ್ಕರೆ, ಬಿಪಿ ಇದೆ ಎಂದು ಬರೆದುಕೊಂಡರು. ಬಹಳ ಕಡೆ ಜನ ಬಾಗಿಲು ತೆರೆದದ್ದು ಸರ್ಕಾರದ ಮೇಲಿನ ಗೌರವಕ್ಕಲ್ಲ, ಹೆರಿಗೆಗೆ ಜೊತೆಗೆ ಬಂದಿದ್ದ ಆ ಹೆಂಗಸಿನ ಮುಖ ನೋಡಿ. ಕೆಲವು ಕಡೆ ಬೈಗುಳ ಸಿಕ್ಕಿತು. 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಹಲ್ಲೆಯೂ ಆಯಿತು. ಕೊಟ್ಟ ಮಾಹಿತಿ ಎಲ್ಲಿಗೆ ಹೋಗುತ್ತದೋ, ಯಾರನ್ನು ಎಳೆದೊಯ್ಯುತ್ತಾರೋ ಎಂಬ ಭಯ ಆಗ ಊರೆಲ್ಲ ಹಬ್ಬಿತ್ತು. ಹಲ್ಲೆಗೆ ಸಮರ್ಥನೆ ಇಲ್ಲ. ಭಯಕ್ಕೆ ಮಾತ್ರ ಉತ್ತರ ಕೊಡುವ ಹೊಣೆ ಸರ್ಕಾರದ್ದು.

ಆ ಹೊಣೆಯನ್ನು ಹಗುರವಾಗಿ ನೋಡಿದ ಉದಾಹರಣೆಗಳೂ ನಮ್ಮ ಮುಂದಿವೆ. 2021ರಲ್ಲಿ ಲಸಿಕೆಗೆಂದು ಆಧಾರ್ ತೋರಿಸಿದ ಅನೇಕರ ಪ್ರಮಾಣಪತ್ರದಲ್ಲಿ ಆರೋಗ್ಯದ ಗುರುತಿನ ಸಂಖ್ಯೆ ತಾನಾಗಿ ಮೂಡಿತ್ತು. ಸರಿಯಾಗಿ ಕೇಳಿದವರಿಲ್ಲ, ತಿಳಿಸಿ ಹೇಳಿದವರಿಲ್ಲ. ಈಗ ಆಭಾ ಸಂಖ್ಯೆಗಳು 70 ಕೋಟಿ ದಾಟಿವೆ. ಈ ಸಂಖ್ಯೆಯನ್ನು ಜನರ ಒಪ್ಪಿಗೆಯ ಅಳತೆಯೆಂದು ಭಾಷಣಗಳಲ್ಲಿ ಬಳಸುವುದು ತಪ್ಪು. ಸಂಖ್ಯೆ ಇರುವುದೇ ಗೊತ್ತಿಲ್ಲದವನನ್ನು ಒಪ್ಪಿದವನ ಲೆಕ್ಕಕ್ಕೆ ಸೇರಿಸಬಾರದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರಲ್ಲಿ ಒಪ್ಪಿಗೆಗೆ ಬೆಲೆಯಿದೆ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕೂ ಇದೆ. ಈ ಹಕ್ಕು ಇದೆಯೆಂದು ಬಲ್ಲವರು ಎಷ್ಟು ಜನ ಎಂಬುದೂ ಒಂದು ಸರ್ವೆಗೆ ಯೋಗ್ಯವಾದ ಪ್ರಶ್ನೆ.

2025ರ ಸೆಪ್ಟೆಂಬರಿನಲ್ಲಿ ರಾಜ್ಯದಲ್ಲಿ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ನೆನಪು ಎಲ್ಲರಿಗೂ ಹಸಿಯಾಗಿದೆ. 60 ಪ್ರಶ್ನೆ, ಕೈಕೊಡುವ ಆ್ಯಪ್, ಸರ್ವರ್ ಕಾಯುತ್ತ ಮೆಟ್ಟಿಲ ಮೇಲೆ ಕೂತ ಮೇಷ್ಟ್ರುಗಳು, ಮಾಹಿತಿ ಕೊಡುವುದು ಕಡ್ಡಾಯವಲ್ಲ, ಕೊಟ್ಟದ್ದನ್ನು ಗೌಪ್ಯವಾಗಿ ಇಡಬೇಕು ಎಂಬ ಹೈಕೋರ್ಟಿನ ಮಾತು. ಆ ಸಮೀಕ್ಷೆಯ ಉದ್ದೇಶ ಬೇರೆ, ಇಲ್ಲಿ ಅದರ ಚರ್ಚೆ ಬೇಡ. ಆದರೆ ಆರೋಗ್ಯದ ಸರ್ವೆ ಮಾಡುವವರು ಅದರಿಂದ ಕಲಿಯಬೇಕಾದದ್ದಿದೆ. ಪ್ರಶ್ನೆ ಉದ್ದವಾದಷ್ಟೂ ಉತ್ತರ ಗಿಡ್ಡವಾಗುತ್ತದೆ. ದಣಿದ ಗಣತಿದಾರರು ಮನೆಯವರನ್ನು ಕೇಳದೆ ತಾವೇ ಊಹಿಸಿ ಒತ್ತುವ ಅಪಾಯವೂ ಇರುತ್ತದೆ. ಇದಕ್ಕೆ ಗಣತಿದಾರರನ್ನು ದೂರಿ ಫಲವಿಲ್ಲ. ಆಶಾ ಕಾರ್ಯಕರ್ತೆಯರ ಹೆಗಲಿಗೆ ಒಂದರ ಮೇಲೊಂದು ಸರ್ವೆ, ಒಂದರ ಮೇಲೊಂದು ಆ್ಯಪ್ ಹೇರಿ, ಗೌರವಧನಕ್ಕಾಗಿ ಅವರು ಮತ್ತೆ ಮತ್ತೆ ಬೀದಿಗಿಳಿಯುವಂತೆ ಮಾಡಿ, ಅವರಿಂದ ನಿಖರವಾದ ಅಂಕಿ ಬರಲಿ ಎಂದು ಬಯಸುವುದು ನ್ಯಾಯವಲ್ಲ.

ಹಾಗಾದರೆ ಹೇಗೆ ಕೇಳಬೇಕು? ‘ನಂಬುತ್ತೀರಾ’ ಎಂದು ಕೇಳುವ ಬದಲು ನಡೆದದ್ದನ್ನು ಕೇಳಬೇಕು. ಕಳೆದ ಸಲ ಜ್ವರ ಬಂದಾಗ ಮೊದಲು ಯಾರಿಗೆ ಹೇಳಿದಿರಿ? ಎಲ್ಲಿಗೆ ಹೋದಿರಿ? ಹೋಗಲು ಎಷ್ಟು ಖರ್ಚಾಯಿತು? ಟ್ಯಾಬ್‌ನಲ್ಲಿ ಡಾಕ್ಟರು ಮಾತಾಡಿದ ಮೇಲೆ ಅದೇ ನೋವಿಗೆ ಬೇರೆ ಡಾಕ್ಟರ ಹತ್ತಿರ ಮತ್ತೆ ಹೋದಿರಾ? ಈ ಕೊನೆಯ ಪ್ರಶ್ನೆಯೊಂದೇ ನಂಬಿಕೆಯ ಬಗೆಗಿನ ಹತ್ತು ಪ್ರಶ್ನೆಗೆ ಸಮ. ರಾಯಚೂರಿಗೆ ಒಂದು ಕನ್ನಡ, ಮಂಗಳೂರಿಗೆ ಒಂದು ಕನ್ನಡ ಇರುವುದರಿಂದ ಪ್ರಶ್ನೆಯನ್ನು ಆಯಾ ಊರಲ್ಲಿ ಹತ್ತು ಜನರ ಮುಂದೆ ಓದಿ, ಅವರಿಗೆ ಏನು ತಿಳಿಯಿತೆಂದು ಕೇಳಿಯೇ ಅಚ್ಚಿಗೆ ಕಳಿಸಬೇಕು. ತುಳು, ಲಂಬಾಣಿ, ಉರ್ದು ಮನೆಮಾತಿನವರಿಗೆ ಅವರ ಮಾತಿನಲ್ಲೇ ಕೇಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬಂದ ಉತ್ತರವನ್ನು ಅದೇ ಊರಿಗೆ ಹಿಂದಕ್ಕೆ ಒಯ್ಯಬೇಕು. ಗ್ರಾಮಸಭೆಯಲ್ಲಿ ಅರ್ಧ ಗಂಟೆ ನಿಂತು, ‘ನೀವು ಹೀಗೆ ಹೇಳಿದಿರಿ, ಅದಕ್ಕೆ ನಾವು ಹೀಗೆ ಮಾಡಿದೆವು’ ಎಂದು ಹೇಳುವ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲ. ಬರೆದುಕೊಂಡು ಹೋದವರು ಮತ್ತೆ ಬರುವುದಿಲ್ಲ ಎಂದು ಜನ ತಿಳಿದುಕೊಂಡದ್ದು ಅನುಭವದಿಂದಲೇ.

ಓದುಗರಲ್ಲೂ ಒಂದು ಕೋರಿಕೆ ಇದೆ. ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದರೆ ಗುರುತಿನ ಚೀಟಿ ಕೇಳಿ, ಮಾಹಿತಿ ಎಲ್ಲಿಗೆ ಹೋಗುತ್ತದೆಂದು ಕೇಳಿ, ಬೇಡವೆನಿಸಿದ ಪ್ರಶ್ನೆಗೆ ಉತ್ತರಿಸದೆ ಇರಬಹುದೇ ಎಂದೂ ಕೇಳಿ. ಸಮಾಧಾನವಾದರೆ ಒಂದು ಗಂಟೆ ಕೂತು ಉತ್ತರ ಕೊಡಿ. ನಿಮ್ಮ ತಾಯಿಯನ್ನೋ ಹೆಂಡತಿಯನ್ನೋ ಅತ್ತೆಯನ್ನೋ ಕೇಳಬೇಕು ಎಂದಾಗ ‘ಅವರಿಗೇನು ಗೊತ್ತು, ನಾನೇ ಹೇಳುತ್ತೇನೆ’ ಎನ್ನಬೇಡಿ. ಅವರನ್ನು ಕರೆದು ಕುರ್ಚಿ ಹಾಕಿ ಕೂರಿಸಿ, ನೀವು ಹೊರಗೆ ಹೋಗಿ.